ಪಾಳಿ ತಪ್ಪಿಸಿದ ನೀರು

ಅರವಟ್ಟಿಗೆಯಲ್ಲಿ ನೀರು ಹೊಯ್ಯುವವನ ಕಣ್ಣು ಬೊಗಸೆಯ ಮೇಲಿರಬೇಕು, ಮುಖದ ಮೇಲಲ್ಲ. ಕುಡಿಯುವವನ ಊರು ಕೇಳಬಾರದು. ಅವನು ತಾನಾಗಿ ತಲೆ ಎತ್ತುವ ತನಕ ಧಾರೆ ನಿಲ್ಲಿಸಬಾರದು. ಹಿಂದೆ ನಿಂತವರು, ಮುಂದಿರುವವನು ಯಾರೆಂದು ನೋಡಿ ಪಾಳಿ ಬಿಟ್ಟು ಹೋಗಬಾರದು. ಪೂಜ್ಯ ಶ್ರೀ ಗುರುಶಾಂತ ಅಜ್ಜನವರು ಬಿಳಿಕಲ್ಲು ಊರಿನ ಬಸ್ ನಿಲ್ದಾಣದಲ್ಲಿ ಅರವಟ್ಟಿಗೆ ಇಟ್ಟ ದಿನವೇ ಹಾಕಿಕೊಟ್ಟ ನಿಯಮವಿದು. ಒಂದು ಬೇಸಿಗೆಯ ಮಧ್ಯಾಹ್ನ ಅಲ್ಲಿದ್ದವರೆಲ್ಲರೂ ಇದನ್ನು ಮುರಿದರು, ಒಬ್ಬರ ಹೊರತು.

ಅಜ್ಜನವರ ಮಠವೆಂದರೆ ಎರಡು ಕೋಣೆ, ಒಂದು ಬಾವಿ. ಪಲ್ಲಕ್ಕಿಯಿಲ್ಲ, ಪರಿವಾರವಿಲ್ಲ. ಬೇಸಿಗೆ ಬಂತೆಂದರೆ ಅವರ ವಾಸ ನಿಲ್ದಾಣದ ಬೇವಿನ ಮರದ ಬುಡದಲ್ಲೇ. ಅಲ್ಲಿ ಗರಿಯ ಚಪ್ಪರ, ಮರಳಿನ ಮೇಲೆ ಸಾಲಾಗಿ ಕೂರಿಸಿದ ಮಣ್ಣಿನ ಹರವಿಗಳು, ಅವಕ್ಕೆ ಸುತ್ತಿದ ಒದ್ದೆ ಬಟ್ಟೆ, ಹೊಯ್ಯುವುದಕ್ಕೆ ಒಂದು ತಾಮ್ರದ ಗಿಂಡಿ. ಅವರು ತಮಗೂ ಒಂದು ನೇಮ ಇಟ್ಟುಕೊಂಡಿದ್ದರು. ಬೆಳಗಿನ ಪೂಜೆಯ ನಂತರ ಹನಿ ನೀರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿನವರೆಲ್ಲ ಕುಡಿದಾದ ಮೇಲೆ ಪಾಳಿಯ ಕಟ್ಟಕಡೆಗೆ ಹೋಗಿ ನಿಂತು, ಎಲ್ಲರಂತೆ ಬೊಗಸೆಯೊಡ್ಡಿ ಕುಡಿಯುತ್ತಿದ್ದರು.

ನೀರು ಹೊಯ್ಯುವ ಸೇವೆ ಈರಬಸಪ್ಪ ಮುದ್ದಾಪುರನದು. ಪೊಲೀಸ್ ಹವಾಲ್ದಾರನಾಗಿ ನಿವೃತ್ತನಾದವನು. ಅವನು ಮೊದಲು ಬಂದದ್ದು ಸೇವೆಗಲ್ಲ. ಈ ಸನ್ಯಾಸಿಯ ಬೆನ್ನ ಹಿಂದೆ ಏನು ವ್ಯವಹಾರ ನಡೆದಿದೆ ಎಂದು ಪತ್ತೆ ಹಚ್ಚುವುದಕ್ಕೆ. ಒಂದು ವಾರ ಎದುರಿನ ಕಟ್ಟೆಯ ಮೇಲೆ ಕೂತು ನೋಡಿದ. ಏನೂ ಸಿಗಲಿಲ್ಲ. ಪತ್ತೆಗೆ ಬಂದವನ ಕೈಗೆ ಅಜ್ಜನವರು ಗಿಂಡಿ ಕೊಟ್ಟರು.

ನಿಯಮ ಮಾತ್ರ ಅವನಿಗೆ ಬಹಳ ಕಷ್ಟವಾಯಿತು.

"ಅಜ್ಜಾರ, ಜೀವಮಾನ ಎಲ್ಲಾ ಮಂದಿ ಮುಖಾ ನೋಡೇ ಪಗಾರ ತೊಗೊಂಡಾಂವ ನಾನು. ಮುಖಾ ನೋಡಬ್ಯಾಡ ಅಂದ್ರ ಹೆಂಗ್ರಿ?"

"ಅದಕ್ಕ ನಿನಗ ಹೇಳೋದು. ನೋಡಿ ನೋಡಿ ಕಣ್ಣು ಸವದಾವ. ಒಂದೀಟು ಕೈ ನೋಡು, ತಂಪಾಗ್ತಾವ."

ಅಭ್ಯಾಸಬಲದಿಂದ ಅವನ ಕಣ್ಣು ಮೇಲೇರಿದಾಗಲೆಲ್ಲ ಬೇವಿನ ಬುಡದಿಂದ ಒಂದು ಕೆಮ್ಮು ಬರುತ್ತಿತ್ತು. "ಹವಾಲ್ದಾರಾ, ಡ್ಯೂಟಿ ಮುಗದೈತಿ," ಎನ್ನುತ್ತಿದ್ದರು ಅಜ್ಜನವರು. ಪಾಳಿಯವರು ನಗುತ್ತಿದ್ದರು. ಈರಬಸಪ್ಪನೂ ನಗುತ್ತಿದ್ದ.

ಆ ಬೇಸಿಗೆಯಲ್ಲಿ ಊರಿನ ಮೊಬೈಲುಗಳಲ್ಲೆಲ್ಲ ಒಂದೇ ಸುದ್ದಿ ಹರಿದಾಡುತ್ತಿತ್ತು. ಕಪ್ಪು ಮೈಬಣ್ಣದ ಪರದೇಶದ ಗಂಡಸರು ಊರೂರು ತಿರುಗಿ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರಂತೆ. ಯಾವ ಊರಲ್ಲಿ, ಯಾರ ಮಗು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ನಂಬಿದ್ದರು.

ಅಂದು ಮಧ್ಯಾಹ್ನದ ಬಸ್ಸಿನಿಂದ ಒಬ್ಬ ಯುವಕ ಇಳಿದ. ಎತ್ತರದ ಆಳು, ಇದ್ದಿಲಿನಂಥ ಮೈಬಣ್ಣ, ಹೆಗಲಿಗೊಂದು ಚೀಲ. ಅವನು ಬಂದು ಕೂತ ಕಲ್ಲುಬೆಂಚಿನಿಂದ ಒಬ್ಬೊಬ್ಬರಾಗಿ ಎದ್ದರು. ಅವನು ಎದ್ದು ನೀರಿನ ಪಾಳಿಗೆ ಬಂದ. ಅವನ ಹಿಂದೆ ನಿಂತಿದ್ದ ಹೆಂಗಸು ಸೊಂಟದ ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಬದಿಗೆ ಸರಿದಳು. ಅವಳ ಹಿಂದಿನವರೂ ಸರಿದರು. ಈರಬಸಪ್ಪನಿಗೆ ಇದೊಂದೂ ಗೊತ್ತಿಲ್ಲ. ಅವನ ಕಣ್ಣು ಬೊಗಸೆಗಳ ಮೇಲಿತ್ತು. ಹೊಸದೊಂದು ಬೊಗಸೆ ಮುಂದೆ ಬಂತು, ನೀರು ಹೊಯ್ದ.

"ಹವಾಲ್ದಾರ್ರ, ಮುಖಾ ನೋಡಿ ಹಾಕ್ರಿ," ಎಂದಳು ಚಹಾದಂಗಡಿಯ ಬಾಳವ್ವ.

ಈರಬಸಪ್ಪ ತಲೆ ಎತ್ತಿದ. ಧಾರೆ ನಿಂತಿತು.

"ಹಳಿಯಾಳ ಕಡೀ ಸಿದ್ದಿ ಇರಬೇಕು ಬಿಡಬೇ ಬಾಳವ್ವಾ, ನಮ್ಮ ಮಂದೀನ," ಎಂದ ಒಬ್ಬ ಆಟೋದವನು. ಅಲ್ಲಿಯ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿರುವ ಸಿದ್ದಿಗಳ ಮೈಬಣ್ಣವೂ ಅದೇ. ಈರಬಸಪ್ಪನಿಗೆ ಜೀವ ಹಗುರಾಯಿತು. ಕೇಳಬಾರದ್ದನ್ನು ಕೇಳಿಯೇಬಿಟ್ಟ.

"ಯಾವೂರಪಾ?"

"ಧಾರವಾಡ್ರೀ. ಅಲ್ಲೇ ಓದಾಕತ್ತೇನ್ರಿ."

"ಅದಲ್ಲ. ಖರೇ ಊರು?"

ಯುವಕ ಬಾಗಿದವನು ಬಾಗಿಯೇ ಇದ್ದ. ಈ ಪ್ರಶ್ನೆ ಅವನಿಗೆ ಹೊಸದಲ್ಲವೆಂದು ಕಾಣುತ್ತದೆ. "ತಾಂಜಾನಿಯಾ," ಎಂದ.

ಗಿಂಡಿ ಮೇಲಕ್ಕೆ ಹೋಯಿತು. ನಮ್ಮ ಮಂದಿ ಎಂದಿದ್ದ ಆಟೋದವನೇ ಹಿಂದೆ ಸರಿದು, "ಹಂಗಾರ ಮೊದ್ಲ ಚೀಲಾ ಬಿಚ್ಚಸ್ರಿ. ನೀರು ಆಮ್ಯಾಲ," ಎಂದ. ಆಟೋಗಳ ಕಡೆಯಿಂದ ನಾಲ್ಕಾರು ಹುಡುಗರು ಬಂದು ನಿಂತರು. ಒಬ್ಬನ ಕೈಯಲ್ಲಿ ಜಾಕಿನ ಸಲಾಕೆಯಿತ್ತು.

ಇದರ ಮುಂದಿನದು ಈರಬಸಪ್ಪನಿಗೆ ಗೊತ್ತಿತ್ತು. ಗುಸುಗುಸು ಎಂದವರು ಹೇಗೆ ಸುತ್ತುಗಟ್ಟುತ್ತಾರೆ, ಮೊದಲ ಏಟು ಬೀಳಲು ಒಬ್ಬ ದೊಡ್ಡವನ ಒಪ್ಪಿಗೆ ಹೇಗೆ ಸಾಕಾಗುತ್ತದೆ ಎಂಬುದನ್ನು ನೌಕರಿಯಲ್ಲಿದ್ದಾಗ ಕಣ್ಣಾರೆ ಕಂಡಿದ್ದ. ಎಲ್ಲರ ದೃಷ್ಟಿ ಈಗ ಅವನ ಕೈಯ ಮೇಲಿತ್ತು. ಅವನು ಗಿಂಡಿ ಕೆಳಗಿಟ್ಟರೆ ಅದೇ ಒಪ್ಪಿಗೆ. ಗೊತ್ತಿದ್ದೂ ಕೈ ಮುಂದಕ್ಕೆ ಬರಲಿಲ್ಲ. ಅವನ ಕಣ್ಣು ಆ ಮುಖದಲ್ಲಿ ಕಳ್ಳನೊಬ್ಬನನ್ನು ಹುಡುಕುತ್ತಿತ್ತು. ಬೇವಿನ ಬುಡದಿಂದ ಕೆಮ್ಮು ಬರಲಿಲ್ಲ.

ಅಜ್ಜನವರು ಆಗಲೇ ಎದ್ದಿದ್ದರು. ಕೋಲೂರಿಕೊಂಡು, ನೆರಳು ದಾಟಿ, ಆ ಹುಡುಗರ ನಡುವೆಯೇ ನಡೆದು ಬಂದು ಎಲ್ಲರೂ ಬಿಟ್ಟು ಸರಿದ ಪಾಳಿಯ ಕಟ್ಟಕಡೆಗೆ, ಯುವಕನ ಬೆನ್ನ ಹಿಂದೆ ನಿಂತರು. ತುಟಿ ಒಣಗಿತ್ತು. ನೆತ್ತಿಯ ಮೇಲೆ ಉರಿಬಿಸಿಲು.

ಬಾಳವ್ವನಿಗೆ ತಡೆಯಲಾಗಲಿಲ್ಲ. ಅಂಗಡಿಯೊಳಗಿನಿಂದ ಲೋಟದ ತುಂಬ ನೀರು ಹಿಡಿದು ಓಡಿಬಂದಳು.

"ಯಪ್ಪಾ, ನೀವ್ಯಾಕ ಬಿಸಲಾಗ ನಿಂತೀರಿ? ಹಿಡೀರಿ, ಇದನ್ನ ಕುಡೀರಿ."

ಅಜ್ಜನವರು ಲೋಟ ತೆಗೆದುಕೊಂಡರು. "ನನ್ನ ಮುಂದ ಒಬ್ಬ ನಿಂತಾನ. ಅವಂದಾತೇನಬೇ ಬಾಳವ್ವಾ?"

ಬಾಳವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಪಾಳಿ ತಪ್ಪಿಸಿದ ನೀರು ನನ್ನ ಗಂಟಲಾಗ ಇಳಿಯೂದಿಲ್ಲ, ತಾಯಿ." ಲೋಟವನ್ನು ಹಾಗೆಯೇ ಅವಳ ಕೈಗಿಟ್ಟರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳ ತಪ್ಪು ಹೆಜ್ಜೆ ತಿದ್ದುವ ಅಕ್ಕರೆ ಇತ್ತು.

ಯುವಕ ಹಿಂತಿರುಗಿ ನೋಡಿದ. ಕಾವಿಯುಟ್ಟ ವೃದ್ಧರೊಬ್ಬರು ತನ್ನ ಹಿಂದೆ ಬಾಯಾರಿ ನಿಂತಿದ್ದಾರೆ. ಬೊಗಸೆ ಬಿಡಿಸದೆಯೇ ಪಕ್ಕಕ್ಕೆ ಸರಿದು ನಿಂತ.

"ಅಜ್ಜಾರ, ನೀವು ಮೊದ್ಲ ಕುಡೀರಿ."

ಅಜ್ಜನವರು ಅವನ ತೋಳು ಹಿಡಿದು ಮತ್ತೆ ಹರವಿಯ ಮುಂದೆ ತಂದು ನಿಲ್ಲಿಸಿದರು. "ಪಾಳಿ ನಿಂದೈತಿ, ತಮ್ಮಾ." ಆಮೇಲೆ ಈರಬಸಪ್ಪನ ಕಡೆ ತಿರುಗಿದರು.

"ಹವಾಲ್ದಾರಾ, ಕೈ ನೋಡು."

ಈರಬಸಪ್ಪ ನೋಡಿದ. ಮೊದಲು ಹೊಯ್ದ ನೀರು ಆ ಬೊಗಸೆಯ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಆ ನೀರು ನಡುಗುತ್ತಿತ್ತು. ಮುಖದಲ್ಲಿ ಅದರ ಸುಳಿವೇ ಇರಲಿಲ್ಲ; ಇಂಥ ಕಡೆ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ಅವನು ಎಂದೋ ಕಲಿತಿರಬೇಕು. ಕೈಗೆ ಅದನ್ನು ಕಲಿಸಲಾಗಿರಲಿಲ್ಲ. ಇಡೀ ನಿಲ್ದಾಣ ಯಾರಿಗೆ ಅಂಜಿತ್ತೋ ಅವನು ಇಡೀ ನಿಲ್ದಾಣಕ್ಕೆ ಅಂಜಿ ನಿಂತಿದ್ದ. ಅಲ್ಲಿ ಅಂಜಲು ಕಾರಣವಿದ್ದವನು ಅವನೊಬ್ಬನೇ.

ಎಷ್ಟು ಮುಖಗಳನ್ನು ಓದಿದ್ದೆ, ಈ ಅಂಜಿಕೆಯನ್ನು ಒಮ್ಮೆಯೂ ನೋಡಲಿಲ್ಲವಲ್ಲ ಎನಿಸಿ ಈರಬಸಪ್ಪನ ಕಣ್ಣು ಮಂಜಾಯಿತು. ಗಿಂಡಿ ಬಾಗಿಸಿದ. ಕಣ್ಣು ಬೊಗಸೆಯಿಂದ ಎತ್ತದೆ, ಹಳೆಯ ಹವಾಲ್ದಾರನ ಗಂಟಲಲ್ಲೇ ಹೇಳಿದ:

"ಸರೀರಿ ಅತ್ಲಾಗ. ಚೀಲಾ ಯಾರೂ ಮುಟ್ಟೂಹಂಗಿಲ್ಲ. ನೀರು ಬೇಕಾದವ್ರು ಅಜ್ಜಾರ ಹಿಂದ ಪಾಳಿ ಹಚ್ಚರಿ."

ಮಗುವನ್ನೆತ್ತಿಕೊಂಡ ಹೆಂಗಸು ಎಲ್ಲರಿಗಿಂತ ಮೊದಲು ಬಂದಳು, ಮಗುವಿನ ಮುಖದ ಮೇಲಿನ ಸೆರಗು ತೆಗೆದು. ಬಾಳವ್ವ ಲೋಟದ ನೀರನ್ನು ಬೇವಿನ ಬುಡಕ್ಕೆ ಸುರಿದು ಬಂದು ಅವಳ ಹಿಂದೆ ನಿಂತಳು. ಸಲಾಕೆಯ ಹುಡುಗ ಅದನ್ನೆಲ್ಲಿ ಇಟ್ಟನೋ, ಬರಿಗೈಯಲ್ಲಿ ಬಂದ.

ಆ ಯುವಕ ಏನು ಓದುತ್ತಿದ್ದ, ಅಲ್ಲಿಂದ ಎಲ್ಲಿಗೆ ಹೋಗುವವನಿದ್ದ ಎಂಬುದು ತಿಳಿದಿಲ್ಲ. ಅಜ್ಜನವರು ಕೇಳಲಿಲ್ಲ, ಅವರ ನಿಯಮ ತಿಳಿದವರು ಕೇಳುವುದೂ ಸಲ್ಲದು. ಈರಬಸಪ್ಪ ಮುಂದೆ ತನ್ನ ಕೊನೆಯ ಬೇಸಿಗೆಯವರೆಗೂ ನೀರು ಹೊಯ್ದ. ಇವತ್ತು ಎಂಥೆಂಥ ಮಂದಿ ಬಂದಿದ್ದರು ಎಂದು ಯಾರಾದರೂ ಕೇಳಿದರೆ, "ನೀರಡಿಸಿದವ್ರು," ಎಂದಷ್ಟೇ ಹೇಳುತ್ತಿದ್ದ. ಈ ಪ್ರಸಂಗವನ್ನು ಮಾತ್ರ ಭಕ್ತರಿಗೆ ತಾನಾಗಿಯೇ ಹೇಳುತ್ತಿದ್ದ, ಹೇಳಿದಾಗಲೆಲ್ಲ ಒಂದೇ ಕಡೆ ಬಂದು ನಿಲ್ಲಿಸುತ್ತಿದ್ದ. ಯುವಕ ಹೊಟ್ಟೆ ತುಂಬ ಕುಡಿದು, ತಾನಾಗಿ ತಲೆ ಎತ್ತಿ, ಬದಿಗೆ ಸರಿದ. ಅವನು ನಿಂತಿದ್ದ ಒದ್ದೆ ಮರಳಿನ ಮೇಲೆ ಅಜ್ಜನವರು ಬಂದು ನಿಂತರು. ಕೋಲನ್ನು ಅವನ ಕೈಗೆ ಹಿಡಿಯಲು ಕೊಟ್ಟು, ಬಾಗಿ, ಬೊಗಸೆಯೊಡ್ಡಿದರು.