ಮಲ್ಲರಸನ ಮುಖ ಅರಳಿದ ಗಳಿಗೆ

“ಕೇಳಿರಿ, ಕೇಳಿರಿ! ಅರಸುಮಗಳು ಚಂದಲೆಯ ಜೊತೆ ಹೊಳೆಗಾವಲಿನ ಹಳೆಯ ರಣಭೂಮಿಯ ದಾರಿ ನಡೆದು ಅವಳ ಮೂರು ಒಗಟು ಬಿಡಿಸಿದವನಿಗೆ ಅವಳ ಕೈಹಿಡಿಯುವ ಭಾಗ್ಯ, ಅರ್ಧ ರಾಜ್ಯ. ತಪ್ಪಿದವನಿಗೆ ಅಂದೇ ಸಂಜೆ ತಲೆದಂಡ. ನಗಾರಿ ಬಾರಿಸಿದ ಕ್ರಮದಲ್ಲೇ ಉತ್ತರ, ಒಬ್ಬ ತಪ್ಪಿದರೆ ಮುಂದಿನವನ ಸರದಿ. ನಗಾರಿ ಬಾರಿಸಿದ ಮೇಲೆ ಹಿಂದೆ ಸರಿಯುವಂತಿಲ್ಲ.”

ಡಂಗುರ ಕೇಳಿದ್ದೇ ದಳವಾಯಿಯ ಮಗ ಮಲ್ಲರಸ ಹೊರಟು ನಿಂತ. ಜೋಯಿಸರು ರಾಹುಕಾಲ ಕಳೆಯಲಿ ಎಂದು ಕೂರಿಸಿದರು. ಅದು ಕಳೆಯುವಷ್ಟರಲ್ಲಿ ಪರವೂರಿನ ಅರಸುಮಕ್ಕಳಿಬ್ಬರು ನಗಾರಿ ಬಾರಿಸಿದ್ದರು. ಅವರ ಹಿಂದೆಯೇ ದೋಣಿ ನಡೆಸುವ ಬೀರನೂ ಬಾರಿಸಿಬಿಟ್ಟಿದ್ದ. ಹೊಳೆ ದಾಟುವಾಗಲೆಲ್ಲ ಚಂದಲೆ ಈ ಬೀರನ ಹತ್ತಿರ ನಗುನಗುತ್ತಾ ಮಾತಾಡುವುದನ್ನು ಮಲ್ಲರಸ ಮೊದಲೇ ಕಂಡಿದ್ದ. ಈಗ ನಾಲ್ಕನೆಯವನಾಗಿ ನಗಾರಿ ಬಾರಿಸಿ ಆ ಅಂಬಿಗನ ಬೆನ್ನು ನೋಡಿಕೊಂಡು ನಡೆಯಬೇಕೆಂದರೆ ಅವನಿಗೆ ಮೈಯೆಲ್ಲ ಉರಿಯಿತು.

ದಾರಿಯೇನೋ ಚೆಲುವಾಗಿತ್ತು. ಹೊಂಗೆಯ ನೆರಳು, ಬಂಡೆಗಳ ನಡುವೆ ನೊರೆಯುಕ್ಕುವ ಹೊಳೆ. ಮಲ್ಲರಸನಿಗೆ ಕಂಡದ್ದು ಬೀರನ ಬೆನ್ನೊಂದೇ.

ಹೊಳೆ ದಾಟುವ ಕಡವಿನಲ್ಲಿ ಚಂದಲೆ ನಿಂತಳು. “ನಮ್ಮಜ್ಜ, ಅವನ ತಮ್ಮ ಇಲ್ಲೇ ಕಾದಾಡಿದ್ದು. ಆ ದಿನ ಇಲ್ಲಿಂದ ಹೊರಟುಹೋಗಿಯೂ ಇವತ್ತಿಗೂ ಇಲ್ಲೇ ಇರುವುದು ಯಾವುದು?”

ಮೊದಲನೆಯ ಅರಸುಮಗ ವೀರರ ಕೀರ್ತಿ ಎಂದ. ಭಟರು ಅವನ ಕೈ ಕಟ್ಟಿದರು. ಎರಡನೆಯವನು ಹೊಳೆ ಎಂದು ಪಾರಾದ. ರಾಗಿ ಹೊಲದ ಬದುವಿನಲ್ಲಿ ಅವಳು ಎರಡನೆಯದನ್ನು ಕೇಳಿದಳು. “ಇದು ಬೇಕೆಂದೇ ಇಬ್ಬರೂ ಬಡಿದಾಡಿದರು. ಗೆದ್ದವನು ಹೊತ್ತೊಯ್ಯಲಿಲ್ಲ, ಸತ್ತವರನ್ನೆಲ್ಲ ಅದೇ ಒಳಗಿಟ್ಟುಕೊಂಡಿತು. ಯಾವುದು?”

ಅವನು ಸಿಂಹಾಸನ ಎಂದು ಸಿಕ್ಕಿಬಿದ್ದ. ಸರದಿ ಬೀರನಿಗೆ ಬಂತು. ಮಣ್ಣು ಎಂದ. ಚಂದಲೆ ನಕ್ಕಳು. ಇದು ನನಗೂ ಗೊತ್ತಿತ್ತಲ್ಲ ಎಂದು ಮಲ್ಲರಸ ಹಲ್ಲು ಕಡಿದ.

ವೀರಗಲ್ಲುಗಳ ಹತ್ತಿರ ಬಂದಾಗ ಅವಳ ನಗು ಮಾಯವಾಗಿತ್ತು. “ತನ್ನ ತುತ್ತು ಹೋದರೂ ಚಿಂತೆಯಿಲ್ಲ, ಎದುರಿನವನ ಎಲೆ ಬರಿದಾದರೆ ಸಾಕು ಅನ್ನುವುದು ಯಾವುದು? ಈ ಕಲ್ಲುಗಳನ್ನೆಲ್ಲ ಇಲ್ಲಿ ನೆಡಿಸಿದ್ದೂ ಅದೇ.”

ಬೀರ ತಡವರಿಸಿದ. ಹಣೆ ಬೆವರಿತು. ಮಲ್ಲರಸನಿಗೂ ಉತ್ತರ ಗೊತ್ತಿರಲಿಲ್ಲ. ಬೀರ ತಪ್ಪಿದರೆ ಮುಂದಿನ ಕುತ್ತಿಗೆ ತನ್ನದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಆದರೂ ಬೀರ ಬೆವರುವುದನ್ನು ಕಂಡು ಅವನ ಹೊಟ್ಟೆ ತಣ್ಣಗಾಯಿತು, ಮುಖ ಅರಳಿತು. ಬೀರ ತಿರುಗಿ ಆ ಮುಖವನ್ನೇ ನೋಡುತ್ತಾ ನಿಂತ.

“ಹೊಟ್ಟೆಕಿಚ್ಚು, ಅಮ್ಮಣ್ಣಿ,” ಎಂದ.

ಚಂದಲೆ ಮೂರನ್ನೂ ಬಿಡಿಸಿ ಹೇಳು ಎಂದಳು. ಹೊಳೆ ಇಲ್ಲೇ ಇದ್ದರೂ ಆ ದಿನದ ನೀರು ಹೋಯಿತು, ಮಣ್ಣು ಯಾರ ಜೊತೆಗೂ ಹೋಗಲಿಲ್ಲ ಎಂದು ಬೀರ ಹೇಳಿ, ಮಲ್ಲರಸನ ಕಡೆ ಕೈ ತೋರಿದ.

“ಮೂರನೇದು ನಂಗೆ ಗೊತ್ತಿರ್ಲಿಲ್ಲ. ನಾ ತಪ್ಪಿದ್ರೆ ಮುಂದೆ ಹೋಗೋದು ಈ ಬುದ್ಧಿಯೋರ ತಲೆ. ಆದ್ರೂ ನಾ ತಡವರಿಸಿದ್ದು ಕಂಡು ಎಷ್ಟು ಖುಷಿಪಟ್ರು ನೋಡಿ. ನನ್ನ ಹೊಟ್ಟೇಲೂ ಅದು ಇದ್ದಿದ್ದಕ್ಕೆ ಗುರುತು ಸಿಕ್ತು.”

ಬೀರನಿಗೆ ಅರಸುಮಗಳೂ ಸಿಕ್ಕಳು, ಅರ್ಧ ರಾಜ್ಯವೂ ಸಿಕ್ಕಿತು. ಕೈಕಟ್ಟಿಸಿಕೊಂಡಿದ್ದ ಇಬ್ಬರನ್ನೂ ಅವನು ಕೇಳಿಕೊಂಡು ಬಿಡಿಸಿದ. ಮದುವೆಯ ದಿನ ಮಲ್ಲರಸನ ಮುಂದೆ ಬಂದು, ನೀವಿಲ್ಲದಿದ್ದರೆ ನನ್ನ ತಲೆ ಉಳಿಯುತ್ತಿರಲಿಲ್ಲ ಎಂದು ಕೈಮುಗಿದ. ನಿನ್ನಿಂದ ನನ್ನದೂ ಉಳಿಯಿತಪ್ಪ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಹೇಳಲು ಮಲ್ಲರಸನಿಗೆ ನಾಲಿಗೆ ಹೊರಳಲಿಲ್ಲ.