ಕೊಕ್ಕರೆಯ ಮಂಡಿನೋವು

ಅಯ್ಯೋ, ಕೇಳ್ರೋ ಇಲ್ಲಿ, ಈಗಷ್ಟೇ ಕೆರೇಲಿ ಕೊಕ್ಕರೆಯಣ್ಣನಿಗೆ ಆಗಿದ್ದನ್ನ ಹೇಳಿದ್ರೆ ನೀವು ನಂಬೋದೇ ಇಲ್ಲ! ಮಂಡಿನೋವು ಅಂತ ಬೇಟೆ ಬಿಟ್ಟು, ಎಲ್ಲರ ಮೇಲೂ ರೇಗ್ತಾ ದಡದಲ್ಲಿ ಕೂತಿದ್ನಲ್ಲ, ಅವನಿಗೆ ಒಂದು ಮೀನು ಬುದ್ಧಿ ಹೇಳಿತ್ತು: "ಅಣ್ಣಾ, ನೀರಿಗಿಳಿದು ಕಾಲು ಆಡಿಸು. ಮೈಭಾರ ನೀರು ಹೊರುತ್ತೆ, ಮನಸ್ಸೂ ತಣ್ಣಗಾಗುತ್ತೆ."

ಇವನು ಹೊಟ್ಟೆಮಟ್ಟ ನೀರಲ್ಲಿ ದಿನಾ ಕಾಲು ಜಾಡಿಸಿದ. ಇವತ್ತು ನೋವೂ ಇಲ್ಲ, ಸಿಡುಕೂ ಇಲ್ಲ, ಹಾಡು ಬೇರೆ ಗುನುಗ್ತಿದ್ದ! ಮೀನು ಉಬ್ಬಿಹೋಗಿ ಅವನ ಕೊಕ್ಕಿನ ಹತ್ರಾನೇ ಬಂದು, "ಹೇಗಿದೆಯಣ್ಣಾ?" ಅಂತು.

"ಗುರುಗಳೇ, ಕಾಲು ಗಟ್ಟಿಯಾಯ್ತು, ಮನಸ್ಸು ಹಗುರಾಯ್ತು. ಆದ್ರೆ ಈ ಕಸರತ್ತು ಶುರುವಾದ್ಮೇಲೆ ಹಸಿವು ಅಂದ್ರೆ ಹಸಿವು!"

"ಅದೂ ಒಳ್ಳೇ ಲಕ್ಷಣಾನೇ!" ಅನ್ನೋಷ್ಟರಲ್ಲಿ ಗುರುಗಳು ಗುಳುಂ!

ಛೀ ಅನ್ಬೇಡಿ ಮತ್ತೆ. ಅಂಥಾ ಹಸಿವಲ್ಲಿ ನೀವಾಗಿದ್ರೆ ಏನ್ ಮಾಡ್ತಿದ್ರಿ?