ನೂರೊಂದು ಗಗನ ಕಾಳಗಗಳೂ ಗುರಶಿದ್ದನ ಶಿಫಾರಸೂ

ಹೂಂ ಅನ್ನುತ್ತ ಕೇಳಿ, ಆದರೆ ಗುರಶಿದ್ದನ ಹಾಗೆ ಅನ್ನಬೇಡಿ. ನಿಂಬಿಕೊಪ್ಪದ ಫಕೀರವ್ವನ ಒಬ್ಬನೇ ಮಗ ಅವನು. ವಯಸ್ಸು ಇಪ್ಪತ್ತೈದು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವ್ವ ಒಮ್ಮೆ "ಕತಿ ಹೇಳ್ತೀನಿ, ಹೂಂ ಅನ್ನು" ಅಂದದ್ದಕ್ಕೆ, ಕತೆ ಮುಗಿದು ಊಟ ಮುಗಿದು ಗೊರಕೆ ಹೊಡೆಯುವಾಗಲೂ ಹೂಂ, ಹೂಂ ಅನ್ನುತ್ತಲೇ ಇದ್ದ.

ಫಕೀರವ್ವನಿಗೆ ಓದುವ ಹುಚ್ಚು. ಅವಳ ಹತ್ತಿರ ಒಂದು ದಪ್ಪ ಪುಸ್ತಕವಿತ್ತು, ಹೆಚ್ಚುಕಡಿಮೆ ಸಾವಿರ ಪುಟ, 'ನೂರೊಂದು ಗಗನ ಕಾಳಗಗಳು' ಅಂತ. ಚುಕ್ಕಿಯಿಂದ ಚುಕ್ಕಿಗೆ ಹಾರುವ ಹಡಗುಗಳು, ಗ್ರಹಕ್ಕೊಬ್ಬ ರಾಣಿ, ಎರಡು ತಲೆಯ ಸೇನಾಪತಿ, ಸೂರ್ಯನನ್ನೇ ಕದ್ದೊಯ್ಯುವ ಕಳ್ಳರು! ಮೂರು ಸಲ ಓದಿದ್ದಳು. ಆದರೆ ಅದರಲ್ಲೊಬ್ಬ ರಾಣಿ ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳ ಆಡುವುದಕ್ಕೆ ಊರಲ್ಲಿ ಒಬ್ಬರೂ ಇಲ್ಲ! ಮಗ ಬರೀ ಹೂಂ ಅನ್ನುತ್ತಾನೆ. ಮಾತು ಹೊಟ್ಟೆಯಲ್ಲೇ ಉಳಿದು ಪಾಪ, ಫಕೀರವ್ವನಿಗೆ ಊಟ ಸೇರುತ್ತಿರಲಿಲ್ಲ. ಮೊಣಕಾಲು ನೋವು, ಮನೆಮನೆ ತಿರುಗಲಾರಳು.

"ಹೋಗಪಾ, ಗಿರಣಿ ಮಲ್ಲೇಶಪ್ಪಗ ಈ ಪುಸ್ತಕ ತೋರಿಸಿ ಬಾ" ಅಂದಳು.

ಹೋದ. ತೋರಿಸಿದ. ಮಲ್ಲೇಶಪ್ಪ ಹಿಟ್ಟಿನ ಕೈ ಒರೆಸಿಕೊಂಡು "ಕೊಡು, ನೋಡೂಣು" ಅಂದ. ಗುರಶಿದ್ದ ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಅವ್ವ ತೋರಿಸು ಅಂದಾಳ್ರೀ, ಕೊಡು ಅಂದಿಲ್ಲ!"

ಓಡಿ ಬಂದ. ಅವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಹಣೇಬರಹ! ಬರೇ ತೋರಿಸಿದ್ರ ಏನಾತು? ಒಳಗ ಏನೇನೈತಿ ಅಂತ ಹೇಳಬೇಕೋ!"

"ಹೂಂ ಬೇ."

ಟೇಲರ್ ಖಾದರಸಾಬನ ಅಂಗಡಿಗೆ ಹೋದ. ಪುಸ್ತಕವನ್ನು ತಲೆಕೆಳಗೆ ಹಿಡಿದು ಜಾಡಿಸಿದ. "ಒಳಗ ಒಂದು ನವಿಲುಗರಿ ಐತ್ರಿ. ಎರಡು ಬಸ್ ಟಿಕೀಟು. ಒಣಗಿದ ಬೇವಿನ ಎಲಿ. ಒಂದು ಸತ್ತ ಜಿರಳಿ. ಇಷ್ಟ!"

"ಇದು ಪುಸ್ತಕನೋ, ನಿಮ್ಮವ್ವನ ಟ್ರಂಕೋ?" ಅಂದ ಖಾದರಸಾಬ.

ಅವ್ವ ಮತ್ತೆ ಬೈದಳು. "ಖೋಡಿ! ಕತಿ ಹೇಳೋ! ಕೇಳಾವ್ರು ಉಸಿರು ಹಿಡಿಯೂ ಮಟಾ ಹೇಳು, ಅಲ್ಲೇ ನಿಲ್ಲಿಸು. ಮುಂದೇನು ಅಂದ್ರ ಪುಸ್ತಕ ಓದ್ರಿ ಅನ್ನು!"

"ಹೂಂ ಬೇ."

ಹೊರಟ. ದಾರಿಯಲ್ಲಿ ಆಸ್ಪತ್ರೆಯ ನರ್ಸಮ್ಮ ಕರೆದಳು. "ಹೋಟೆಲ್ ಈರಪ್ಪಗ ಹೇಳಪಾ, ಮಗಳು ಹಡದಾಳ, ಹೆಣ್ಣು ಕೂಸು, ಇಬ್ಬರೂ ಆರಾಮ." ಗುರಶಿದ್ದ ಈರಪ್ಪನ ಮುಂದೆ ನಿಂತು ಕಣ್ಣು ಅಗಲಿಸಿದ.

"ನಿಮ್ಮ ಮಗಳು ಒಳಗ ಹೋದಳು. ಬಾಗಿಲಾ ಮುಚ್ಚಿತು. ಒಳಗಿಂದ ಒಂದು ಚೀರು ಕೇಳಿಸ್ತು..."

"ಮುಂದ? ಮುಂದೇನಾತೋ?"

"ಮುಂದೇನು ಅಂದ್ರ, ಪುಸ್ತಕ ಓದ್ರಿ!"

ಈರಪ್ಪ ಕೈಯಲ್ಲಿನ ಸೌಟಿನ ಸಮೇತ ಆಸ್ಪತ್ರೆಗೆ ಓಡಿದ. ಮೊಮ್ಮಗಳ ಮುಖ ನೋಡಿದ ಮೇಲೆ ಜೀವ ಬಂತು. ಅದೇ ಸೌಟು ಹಿಡಿದು ನೇರ ಫಕೀರವ್ವನ ಮನೆಗೆ ಬಂದ. ಅವನು ಬೈದು ಹೋದ ಮೇಲೆ ಅವ್ವ ಶುರುಮಾಡಿದಳು.

"ಮಂದಿ ಕಾಯಾಕತ್ತಾರ ಅಂದ್ರ ಮೊದಲ ಕೊನಿ ಹೇಳಬೇಕೋ ಮಂಕದಿಣ್ಣಿ!"

"ಹೂಂ ಬೇ."

ಮರುದಿನ ಬಸ್‌ಸ್ಟ್ಯಾಂಡಿಗೆ ಹೋದ. ಹನ್ನೊಂದರ ಬಸ್ಸಿಗೆ ನಲವತ್ತು ಮಂದಿ ಕಾಯುತ್ತಿದ್ದರು. ಕಾಯುತ್ತಿದ್ದಾರಲ್ಲ! ಕಟ್ಟೆ ಹತ್ತಿದ, ಅವ್ವ ಊಟದ ಹೊತ್ತಿಗೆ ಹೇಳಿದ್ದ ಕತೆಗಳ ಕೊನೆಗಳನ್ನೆಲ್ಲ ಕೂಗಿದ.

"ರಾಣಿ ಗಂಡನ್ನ ಬಿಟ್ಟು ಚಂದ್ರನ್ನ ಇಟಗೊಂಡಳು! ಸೇನಾಪತಿಯ ಎರಡೂ ತಲಿ ಒಂದಕ್ಕೊಂದು ಮಾತು ಬಿಟ್ಟವು! ಸೂರ್ಯಾ ವಾಪಸ್ ಬಂದ, ಆದ್ರ ಸಣ್ಣಾಗಿದ್ದ!"

"ಯಾಕ ಗಂಡನ್ನ ಬಿಟ್ಟಳು?" ಅಂದಳು ಒಬ್ಬ ಮುದುಕಿ. "ಸೂರ್ಯಾ ಹೆಂಗ ಸಣ್ಣಾದ?" ಅಂದ ಆ ಬಸ್ಸಿಗೇ ಹತ್ತಬೇಕಿದ್ದ ಕಂಡಕ್ಟರ್.

"ಅದು ಮೊದಲಿಂದು. ನಾ ಕೊನಿ ಅಷ್ಟ ಹೇಳಾಂವ!"

ಬಸ್ಸು ಬಂತು, ಖಾಲಿ ನಿಂತಿತು. ಕಂಡಕ್ಟರನನ್ನು ಡ್ರೈವರ್ ಎಳೆದು ಹತ್ತಿಸಿಕೊಂಡ. ನಲವತ್ತೂ ಮಂದಿ ಗುರಶಿದ್ದನ ಹಿಂದೆ ನಡೆದರು.

ಬಾಗಿಲಲ್ಲಿ ಅಷ್ಟು ಜನರನ್ನು ನೋಡಿ ಫಕೀರವ್ವನಿಗೆ ಮೊಣಕಾಲಿನ ನೋವೇ ಮರೆತುಹೋಯಿತು. ಚಹಾಕ್ಕೆ ನೀರಿಡಲು ಒಳಗೆ ಓಡುತ್ತ, ಚುರುಮರಿ ಡಬ್ಬಿಯ ಕಡೆ ಕೈತೋರಿಸಿ ಮಗನಿಗೆ ಹೇಳಿದಳು. "ನಮ್ಮ ಬಾಗಿಲಿಗೆ ಬಂದಾವ್ರು ಯಾರೂ ಬರಿಗೈಲೆ ಹೋಗಬಾರದಪಾ! ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಆಗಬಾರದು!"

"ಹೂಂ ಬೇ."

ಡಬ್ಬಿಯ ಪಕ್ಕದಲ್ಲೇ ಪುಸ್ತಕ ಇತ್ತು. ಬಂದವರು ಪುಸ್ತಕಕ್ಕೆ ಬಂದವರಲ್ಲವೆ! ಗುರಶಿದ್ದ ಈಳಿಗೆಮಣೆ ಎಳೆದುಕೊಂಡ, ಪುಸ್ತಕದ ಬೆನ್ನು ಕೊಯ್ದ, ಹಾಳೆ ಎಣಿಸಿದ. ತಲೆಗೆ ಹನ್ನೆರಡು ಹಾಳೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಕತೆ ಎಲ್ಲಿ ತುಂಡಾದರೇನು?

ಫಕೀರವ್ವ ಚಹಾ ತಂದು ನೋಡಿದಳು. ಕಿಟಾರನೆ ಕಿರುಚಿದಳು. ಅಷ್ಟರಲ್ಲಿ ಹೊರಗೆ ಗದ್ದಲವೋ ಗದ್ದಲ.

"ನನ್ನ ಹಾಳ್ಯಾಗ ಹಡಗ ಹಾರೈತಿ, ಇಳದದ್ದು ಯಾರ ಹಾಳ್ಯಾಗ?"

"ನನ್ನ ಹಾಳ್ಯಾಗ ಇಳದೈತಿ, ಆದ್ರ ಒಳಗ ಇದ್ದಾವ್ರು ಯಾರು?"

"ಫಕೀರವ್ವಾ, ಇಲ್ಲೊಬ್ಬ ರಾಣಿ ಅಳಾಕತ್ತಾಳ, ಯಾಕಂತ ನೀನ ಹೇಳಬೇ!"

ಇಡೀ ಪುಸ್ತಕ ಓದಿದವಳು ಊರಲ್ಲಿ ಒಬ್ಬಳೇ. ಫಕೀರವ್ವ ಕಟ್ಟೆಯ ಮೇಲೆ ಕೂತಳು, ಹೇಳಿದಳು, ಕೇಳಿದಳು. ರಾಣಿಯದೇ ತಪ್ಪು ಅಂದ ಮುದುಕಿಯ ಜೊತೆ ಬಾಯಿ ನೋಯುವಷ್ಟು ಜಗಳ ಆಡಿದಳು. ಮಧ್ಯಾಹ್ನದ ಬಸ್ಸೂ ಹೋಯಿತು, ಸಂಜೆಯ ಬಸ್ಸೂ ಹೋಯಿತು. ಕಡೆಗೆ ನಾಳೆ ಮತ್ತೆ ಬರುತ್ತೇವೆಂದು ಹಾಳೆ ಮಡಚಿಕೊಂಡು ಎಲ್ಲರೂ ಎದ್ದರು.

ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಗುರಶಿದ್ದ ಅದನ್ನು ನೋಡಿ ಗಾಬರಿಯಾದ. ಓಡಿ ಹೋಗಿ ಪುಸ್ತಕದ ಎರಡು ಖಾಲಿ ರಟ್ಟು ತಂದು ಅವಳ ಕೈಯಲ್ಲಿಟ್ಟ.

"ಅಳಬ್ಯಾಡ ಬೇ! ನಿನ್ನ ಪಾಲು ಮರೆತಿಲ್ಲ ನಾ!"